ಭಾವನ ತೆರಿಗೆ ಪ್ರಮೀಳಾ ಹೆಸರಿಗೆ

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಎದುರು ಮೊದಲ ಮಹಡಿಯಲ್ಲಿ ‘ಅನಂತರಾಮು, ತೆರಿಗೆ ಸಲಹೆಗಾರರು, ನಾಲ್ಕು ತಾಲ್ಲೂಕು’ ಎಂಬ ಬೋರ್ಡಿದೆ. ನಾಲ್ಕು ತಾಲ್ಲೂಕೂ ಅವರ ಸಲಹೆಗೆ ಕಾದಿದ್ದವೆಂದಲ್ಲ. ಜಾಗ ಉಳೀತು ಎಂದು ಪೇಂಟರು ಅಂದಿದ್ದಕ್ಕೆ ಬರೆಸಿದ್ದು. ಇಪ್ಪತ್ತೆಂಟು ವರ್ಷ ಕಡೆಯ ದಿನಾಂಕಗಳ ಹಿಂದೆ ಓಡಿ, ಈಗ ಅವರಿಗೆ ಸಂತೋಷವಾದರೂ ಗಾಬರಿಯಾದರೂ ಏನೂ ಆದಂತೆ ಅನ್ನಿಸುತ್ತಿರಲಿಲ್ಲ.

ಈ ವರ್ಷ ಸಂಬಳದ ತೆರಿಗೆಗೆ ಹೊಸ ನಮೂನೆ ಬಂತು. ಯಾರ ಸಂಬಳದಿಂದ ಎಷ್ಟು ತೆರಿಗೆ ಹಿಡಿದಿರಿ ಎಂದು ಅವರವರ ಪಾನ್ ನಂಬರಿನ ಸಮೇತ ಮಾಲೀಕರು ಮೂರು ತಿಂಗಳಿಗೊಮ್ಮೆ ಅದರಲ್ಲಿ ತಿಳಿಸಬೇಕು. ಅನಂತರಾಮು ಪಾಂಡವಪುರದ ಕಲ್ಯಾಣಮಂಟಪವೊಂದರಲ್ಲಿ ಮಿಲ್ಲು, ಹೋಟೆಲು, ಶಾಲೆಗಳ ಮಾಲೀಕರನ್ನು ಕೂರಿಸಿ ಒಂದು ಗಂಟೆ ಮಾತಾಡಿದರು. ಕೊನೆಗೆ ಬೆರಳೆತ್ತಿ, “ಒಂದೇ ಒಂದು ಕಾಲಮ್ಮನ್ನೂ ಖಾಲಿ ಬಿಡಕೂಡದು” ಎಂದರು. ಆ ಮಾತೊಂದು ಎಲ್ಲರಿಗೂ ನೆನಪುಳಿಯಿತು. ಬಾಕಿಯದು ಉಪ್ಪಿಟ್ಟಿನ ಜೊತೆ ಹೋಯಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಪ್ರಮೀಳಾ ಮೆಟ್ಟಿಲು ಹತ್ತಿ ಬಂದಳು. ಪಾಂಡವಪುರದ ಶಿವಶಂಕರನ ರೈಸ್‌ಮಿಲ್ಲಿನಲ್ಲಿ ಬಿಲ್ಲು ಬರೆಯುವವಳು. ತಿಂಗಳಿಗೆ ಹದಿಮೂರು ಸಾವಿರ.

“ಸಾ, ನಮ್ ಬಿಪಿಎಲ್ ಕಾರ್ಡು ರದ್ದು ಮಾಡ್ಬುಟ್ಟವ್ರೆ. ನಾನು ತೆರ್ಗೆ ಕಟ್ಟೋಳಂತೆ. ಮುಂದಿನ್ ತಿಂಗ್ಳು ಮೈಸೂರಲ್ಲಿ ನಮ್ಮೆಜಮಾನ್ರ ಬೆನ್ನಿನ್ ಆಪರೇಷನ್ನು. ಕಾರ್ಡಿಲ್ದಿದ್ರೆ ಪುಕ್ಸಟ್ಟೆ ಮಾಡಾಕಿಲ್ವಂತೆ.”

ಅವಳು ಅಳಲಿಲ್ಲ. ಬಸ್ಸಿನ ಟೈಮು ಹೇಳುವವಳಂತೆ ಹೇಳಿದಳು. ಅನಂತರಾಮು ಅಂಥದೇ ಮುಖದಲ್ಲಿ ಕಂಪ್ಯೂಟರು ತೆರೆದರು. ಪ್ರಮೀಳಾಳ ಪಾನ್ ನಂಬರಿನ ಎದುರು ತಿಂಗಳಿಗೆ ಒಂದೂವರೆ ಲಕ್ಷ ಸಂಬಳವಿತ್ತು. ಜುಲೈನಲ್ಲಿ ತಾವೇ ಕಳಿಸಿದ್ದು, ಓದದೆ.

ಶಿವಶಂಕರನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

“ಅದು ನಮ್ ಭಾವುನ್ ಸಂಬ್ಳ ಸಾ. ಅಕ್ಕನ್ ಗಂಡ, ಮಿಲ್ಲಿನ್ ಮ್ಯಾನೇಜರು. ಅವ್ರತ್ರ ಓಗಿ ‘ಪಾನ್ ಕಾರ್ಡ್ ಕೊಡಿ, ನಿಮ್ ಸಂಬ್ಳ ಮುರ್ಕೋತೀನಿ’ ಅಂತ ಎಂಗನ್ನದು? ನಮ್ಮನೆ ಹೆಣ್ಮಗ್ಳುನ್ನ ಕೊಟ್ಟಿರೋ ಮನೆ. ತೆರ್ಗೆ ನಾನೇ ಕಟ್ಟಿವ್ನಿ. ಕಾಲಮ್ಮು ಖಾಲಿ ಬುಡಬ್ಯಾಡಿ ಅಂದೋರು ನೀವೇ ಅಲ್ವಾ? ಪ್ರಮೀಳಾ ನಂಬರು ಕೈಗ್ ಸಿಕ್ತು.”

“ಹಾಕಿಬಿಟ್ಟಿರಾ?”

“ಆಕ್ದೆ. ಒಳ್ಳೆ ಉಡ್ಗಿ, ಏನೂ ಅನ್ಕೊಳಲ್ಲ ಅಂತ.”

ಒಳ್ಳೆ ಹುಡುಗಿ ಎದುರಿಗೇ ಕೂತಿದ್ದಳು. ಏನೂ ಅಂದುಕೊಂಡಂತೆ ಕಾಣಲಿಲ್ಲ.

ತಿದ್ದುಪಡಿ ಕಳಿಸಲು ಭಾವನ ಪಾನ್ ನಂಬರು ಬೇಕು. ಕೇಳುವ ಧೈರ್ಯ ಶಿವಶಂಕರನಿಗಿಲ್ಲ. ಅನಂತರಾಮು ಪ್ರಮೀಳಾಳ ಜೊತೆ ಬಸ್ಸು ಹತ್ತಿ ಮಿಲ್ಲಿಗೆ ಹೋದರು. ಭಾವ ನಂಜಪ್ಪ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಅನಂತರಾಮು ಗಂಟಲು ಸರಿಮಾಡಿಕೊಂಡು ಕಾಯ್ದೆಯ ಹುಟ್ಟಿನಿಂದ ಶುರುಮಾಡಿದರು. ಎರಡು ನಿಮಿಷ ನೋಡಿ ಪ್ರಮೀಳಾ, “ಅಣ್ಣೋ, ನಿಮ್ ತೆರ್ಗೆ ನನ್ ತಲೆಮ್ಯಾಲೆ ಕುಂತದೆ. ನಂಬರ್ ಕೊಡಿ” ಎಂದಳು.

ವಿಷಯ ತಿಳಿದ ನಂಜಪ್ಪ ಎದ್ದು ನಿಂತರು. ಬಾಗಿಲಲ್ಲಿ ನಿಂತಿದ್ದ ಶಿವಶಂಕರ ಅಕ್ಕಿ ಮೂಟೆಗಳ ಕಡೆ ಎರಡು ಹೆಜ್ಜೆ ಹಿಂದೆ ಸರಿದ.

“ಲೇ ಶಂಕ್ರ! ತೆರ್ಗೆ ಕಟ್ಟೋನು ಅನ್ನೋ ಮರ್ವಾದೆ ನಂಗ್ ಬ್ಯಾಡ್ವೇನ್ಲಾ? ಸೊಸೈಟಿ ಎಲೆಕ್ಷನ್ನಲ್ಲಿ ‘ಬಾಮೈದುನ್ ಮಿಲ್ಲಲ್ಲಿ ಬಿಟ್ಟಿ ಉಣ್ಣೋನು’ ಅಂತ ಆಡ್ಕೊಂಡ್ರಲ್ಲ, ತೆರ್ಗೆ ಕಟ್ಟಿದ್ ಕಾಗ್ದ ಇದ್ದಿದ್ರೆ ಅವರ್ ಮುಖುಕ್ಕೆ ಇಡೀತಿದ್ದೆ ಕಣ್ಲಾ!”

ಜೇಬಿನಿಂದ ಪಾನ್ ಕಾರ್ಡು ತೆಗೆದು ಅಲ್ಲೇ ಕೊಟ್ಟರು. ಇಷ್ಟು ದಿನವೂ ಅದು ಆ ಜೇಬಿನಲ್ಲೇ ಇತ್ತು, ಯಾರೂ ಕೇಳಿರಲಿಲ್ಲ.

ತಿದ್ದುಪಡಿ ಅಂದೇ ಸಂಜೆ ಹೋಯಿತು. ಆಮೇಲೆ ಕಾರ್ಡಿಗೆ ಅರ್ಜಿ, ಅದಕ್ಕೊಂದು ಪತ್ರ, ಪತ್ರಕ್ಕೊಂದು ಸೀಲು. ಅಕ್ಟೋಬರಿನ ಕೊನೆಯ ವಾರ ಪ್ರಮೀಳಾ ಫೋನು ಮಾಡಿದಳು.

“ಕಾರ್ಡ್ ಬಂತು ಸಾ. ಆಪರೇಷನ್ ಡೇಟು ಓಯ್ತು. ಇನ್ ಡಿಸೆಂಬರ್‌ಗಂತೆ.”

“ಅಲ್ಲೀವರೆಗೆ?”

“ಮಲಗವ್ರೆ ಸಾ.”

ತಪ್ಪಾಯಿತು ಅನ್ನಬೇಕು ಎಂದು ಅನಂತರಾಮುಗೆ ಗೊತ್ತಿತ್ತು. ಒಂದು ಗಂಟೆ ನಿಂತು ಮಾತಾಡಿದ್ದ ಬಾಯಿಗೆ ಆ ಒಂದು ಪದ ಬರಲಿಲ್ಲ.

“ಫೋನ್ ಇಡ್ಲಾ ಸಾ?”

“ಇಡಮ್ಮ.”

ಮುಂದಿನ ಮೂರು ತಿಂಗಳ ಲೆಕ್ಕ ಕಳಿಸಲು ಇನ್ನು ನಾಲ್ಕು ದಿನವಿತ್ತು. ಅವರು ನಾಗಮಂಗಲದ ಶಾಲೆಯ ಪಟ್ಟಿ ತೆರೆದು, ಮೊದಲ ಹೆಸರಿನ ಮುಂದಿನ ನಂಬರನ್ನು ಬೆರಳಿಟ್ಟು ಓದತೊಡಗಿದರು.