ರಕ್ಕಸಿಯ ಮನೆಗೆ ಬರಿಗಾಲಲ್ಲಿ

ನನಗೆ ಕಲ್ಪನಾಶಕ್ತಿ ಬಹಳ ಎಂದು ಬೆಂಗಳೂರಿನಲ್ಲಿ ಕೆಲವರು ನಂಬಿದ್ದಾರೆ. ಆ ನಂಬಿಕೆ ಹುಟ್ಟಿದ್ದು ಹೇಗೆಂದು ಹೇಳಿಬಿಡುತ್ತೇನೆ, ಮಾನ ಹೋದರೆ ಹೋಗಲಿ.

ಮೂಡಬಿದಿರೆಯ ಶಾಲೆಯೊಂದರಲ್ಲಿ ನಾನು ಒಂಬತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ಮಡಂತ್ಯಾರಿನ ಮನೆಯಿಂದ ಹೊರಟು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರು ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆಯೂ ಕಲೆಯ ಮೇಲಿನ ಪ್ರೀತಿಯೂ ಮುದುಡಿರುತ್ತಿದ್ದವು. ನನ್ನ ಪೀರಿಯಡ್ಡನ್ನು ಗಣಿತದವರು ಕೇಳಿ ತೆಗೆದುಕೊಳ್ಳುತ್ತಿದ್ದರು, ವಿಜ್ಞಾನದವರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ನನಗೆ ಉಳಿದದ್ದು ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಮುಖ್ಯ ಅತಿಥಿಗಳ ಹೆಸರಿನ ಸುತ್ತ ಹೂಬಳ್ಳಿ ಬಿಡಿಸುವ ಘನಕಾರ್ಯ.

ಕಳೆದ ವರ್ಷ ಬೆಂಗಳೂರಿನ ಒಂದು ಕಂಪೆನಿಯಿಂದ ಕರೆ ಬಂತು. ಅವರು ಹೊರದೇಶದವರಿಗಾಗಿ ಒಂದು ತರಹದ ಆಟದ ಪುಸ್ತಕ ಮಾಡುತ್ತಾರೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುವುದು, ಒಬ್ಬ ಕಥೆ ಹೇಳುವುದು, ಉಳಿದವರು 'ನಾನು ಮಾಂತ್ರಿಕ', 'ನಾನು ಕಳ್ಳ' ಎಂದುಕೊಂಡು ದಾಳ ಉರುಳಿಸಿ ಕಥೆಯೊಳಗೆ ನುಗ್ಗುವುದು. ನಲವತ್ತು ದಾಟಿದವರೂ ಆಡುತ್ತಾರಂತೆ. ನಾನು ಜಾಲತಾಣದಲ್ಲಿ ಹಾಕಿದ್ದ ಚಿತ್ರಗಳನ್ನು ನೋಡಿದ ಅವರು, ಒಂದು ದೃಶ್ಯ ಬಿಡಿಸಿಕೊಡಿ, ಒಪ್ಪಿಗೆಯಾದರೆ ಇಡೀ ಪುಸ್ತಕ ನಿಮ್ಮದೇ ಎಂದರು. ನಾನು ಒಪ್ಪಿಗೆಗೆ ಕಾಯಲಿಲ್ಲ, ಮೊದಲು ಶಾಲೆಗೆ ರಾಜೀನಾಮೆ ಕೊಟ್ಟೆ. ಮನೆಯಲ್ಲಿ ಪುಸ್ತಕ ಸಿಕ್ಕಿಯೇ ಆಯಿತು ಎಂದು ಹೇಳಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ದೃಶ್ಯ ತಿರಸ್ಕೃತವಾದರೆ ನನಗೆ ಶಾಲೆಯೂ ಇಲ್ಲ, ಪುಸ್ತಕವೂ ಇಲ್ಲ, ಮೇಲಿಂದ ಸುಳ್ಳಿ ಎಂಬ ಬಿರುದು.

ದೃಶ್ಯ ಹೀಗಿತ್ತು: ಐವರು ವೀರರು ರಕ್ಕಸಿಯ ಮನೆಯೊಳಗೆ ನುಗ್ಗಿದ್ದಾರೆ, ಅವಳು ಕುರ್ಚಿಯಿಂದ ಏಳುತ್ತಿದ್ದಾಳೆ. ವೀರರೆಂದರೆ ಒಬ್ಬ ಕತ್ತಿಯವನು, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಕುಳ್ಳ, ಒಬ್ಬಳು ಬಿಲ್ಲುಗಾರ್ತಿ. ಮೊದಲು ಬೆಂಕಿಪೆಟ್ಟಿಗೆಯ ಗಾತ್ರದ ಎಂಟು ಕರಡು ಮಾಡಿದೆ. ಬೆಳಕು ಬಾಗಿಲಿನಿಂದ ಬರಲಿ ಎಂದು ತೀರ್ಮಾನಿಸಿದೆ. ಆಮೇಲೆ ಭಂಗಿಗಳಿಗೆ ಫೋಟೋ ಬೇಕಲ್ಲ, ಗಂಡನನ್ನು ಮನೆಯ ಚಾವಡಿಯಲ್ಲಿ ನಿಲ್ಲಿಸಿದೆ. ಬಂಟ್ವಾಳದ ಕಚೇರಿಯಲ್ಲಿ ಫೈಲಿನ ಹಿಂದೆ ಅಡಗಿ ಬದುಕುವ ಆ ಮನುಷ್ಯ ತೆಂಗಿನ ಮಡಲಿನ ತುಂಡನ್ನು ಕತ್ತಿಯಂತೆ ಎತ್ತಿ ಹಿಡಿದು, ಐವರು ವೀರರ ಪಾತ್ರವನ್ನೂ ಒಬ್ಬನೇ ಮಾಡಿದ. ರಕ್ಕಸಿಗೆ ಅತ್ತೆಯೇ ಗತಿ. ಕೇಳಿದೆ.

"ನಾನು ಎಂತ ಮಾಡ್ಬೇಕು?" ಎಂದರು ಅತ್ತೆ.

"ಕುರ್ಚಿಯಿಂದ ಏಳಿ, ಸ್ವಲ್ಪ ಸಿಟ್ಟಿನಲ್ಲಿ."

"ಅದಕ್ಕೆ ಅಭ್ಯಾಸ ಬೇಡ," ಎಂದು ಎದ್ದು ನಿಂತರು. ಒಂದೇ ಸಲಕ್ಕೆ ಫೋಟೋ ಸರಿಬಂತು.

ಅತ್ತೆ ಮಡಂತ್ಯಾರು ಪೇಟೆಯಲ್ಲಿ ಇಪ್ಪತ್ತೈದು ವರ್ಷ ಟೈಲರಿಂಗ್ ಅಂಗಡಿ ನಡೆಸಿದವರು. ಚಿತ್ರ ಬೆಳೆಯುತ್ತಿದ್ದಂತೆ ದಿನಾ ಬಂದು ನೋಡುತ್ತಿದ್ದರು. ಅವರ ಕಣ್ಣಿಗೆ ಮಾಯೆ ಮಂತ್ರ ಬೀಳುತ್ತಿರಲಿಲ್ಲ, ಹೊಲಿಗೆ ಮಾತ್ರ ಬೀಳುತ್ತಿತ್ತು.

"ಈ ಜನ ಈ ಕೋಟನ್ನು ಹಾಕಿಕೊಳ್ಳುವುದು ಎಲ್ಲಿಂದ? ಗುಬ್ಬಿ ಇಲ್ಲ, ಕಾಜ ಇಲ್ಲ, ಜಿಪ್ಪೂ ಇಲ್ಲ," ಎಂದರು ಮಾಂತ್ರಿಕನನ್ನು ನೋಡಿ. ಬಿಲ್ಲುಗಾರ್ತಿಯ ಹತ್ತಿರ ಬಂದಾಗ ಕನ್ನಡಕ ಏರಿಸಿದರು. "ಹೆಗಲಿಗೆ ಕಬ್ಬಿಣ, ಮೊಣಕಾಲಿಗೆ ಕಬ್ಬಿಣ. ಹೊಟ್ಟೆಗೆ ಮಾತ್ರ ಎಂತದೂ ಇಲ್ಲವಲ್ಲ ಮಾರಾಯ್ತಿ! ಚುಚ್ಚುವವರು ಚುಚ್ಚುವುದು ಎಲ್ಲಿಗೆ?"

ಕಂಪೆನಿಯವರು ಹಾಗೆಯೇ ಕೇಳಿದ್ದಾರೆ ಎಂದೆ. ಹಾಗಾದರೆ ಅವರು ಗಂಡಸರೇ ಇರಬೇಕು ಎಂದು ಅತ್ತೆ ಒಳಗೆ ಹೋದರು.

ಹನ್ನೆರಡು ದಿನ ಕೂತು ಮುಗಿಸಿದೆ. ಆ ಚಿತ್ರದಲ್ಲಿ ನನಗೆ ಅತಿ ಹೆಮ್ಮೆಯಿದ್ದದ್ದು ಬಾಗಿಲ ಬಳಿಯ ಮೂಲೆಯ ಬಗ್ಗೆ. ಹೊಳೆಯುವ ಕೆಂಪು ನೆಲದ ಮೇಲೆ ವೀರರ ಪಾದಗಳು ಪ್ರತಿಫಲಿಸಿದ್ದವು. ಹೊಸ್ತಿಲಿನ ಆಚೆ ಅವರ ಐದು ಜೊತೆ ಬೂಟುಗಳು ಸಾಲಾಗಿದ್ದವು. ಕುಳ್ಳನದು ಗಿಡ್ಡ, ಕಳ್ಳನದು ಮಗುಚಿ ಬಿದ್ದದ್ದು. ಚರ್ಮದ ಬಿರುಕನ್ನೂ ಬಿಡದೆ ಬಿಡಿಸಿದ್ದೆ. ಗಂಡ ನೋಡಿದ, ಅತ್ತೆ ನೋಡಿದರು, ಪಕ್ಕದ ಮನೆಯವರೂ ನೋಡಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕಳುಹಿಸಿದ ಅರ್ಧ ಗಂಟೆಗೆ ಕಲಾ ನಿರ್ದೇಶಕ ಫೋನ್ ಮಾಡಿದ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ, ಮಾತು ಮಾತ್ರ ಪೀಠಾಧಿಪತಿಯದು.

"ಮೇಡಂ, ಲೈಟಿಂಗ್ ಸೂಪರ್. ಆದ್ರೆ ಇವ್ರೆಲ್ಲ ಯಾಕೆ ಬರಿಗಾಲಲ್ಲಿದಾರೆ? ರಾಕ್ಷಸಿನ ಕೊಲ್ಲೋಕೆ ಬಂದೋರು ಬೂಟು ಬಿಚ್ಚಿಟ್ಟು ಬರ್ತಾರಾ?"

ಚಿತ್ರ ತೆರೆದು ನೋಡಿದೆ. ಹೌದು, ಐವರು ಕೊಲೆಗಡುಕರು ಆಯುಧ ಎತ್ತಿಕೊಂಡು, ಪಾದರಕ್ಷೆ ಹೊರಗೆ ಬಿಟ್ಟು, ಸತ್ಯನಾರಾಯಣ ಪೂಜೆಗೆ ಬಂದವರ ಹಾಗೆ ನಿಂತಿದ್ದರು! ಚಾವಡಿಯಲ್ಲಿ ನಿಂತ ಗಂಡನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ನಾನು ನೋಡಿದ್ದನ್ನು ಬಿಡಿಸಿದ್ದೆ. ಅಲ್ಲಿಗೆ ನಿಲ್ಲದೆ, ಬೂಟು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯಾರು ಎಂದು ಅವನ್ನು ಹೊರಗೆ ಜೋಡಿಸಿಯೂ ಇಟ್ಟಿದ್ದೆ. ರೆಕ್ಕೆಯ ಕುದುರೆ, ಮೂರು ತಲೆಯ ಹಾವು ಎಲ್ಲ ಊಹಿಸಬಲ್ಲೆ. ಚಪ್ಪಲಿ ಹಾಕಿಕೊಂಡು ಒಂದು ಮನೆಯೊಳಗೆ ಹೋಗುವುದನ್ನು ಊಹಿಸಲಾರೆ. ನನ್ನ ಕಲ್ಪನಾಶಕ್ತಿಯ ಉದ್ದ ಇಷ್ಟೇ.

ಒಪ್ಪಿಗೆಯಾದರೆ ಚಿತ್ರ ಮರುದಿನವೇ ಪುಸ್ತಕದ ಜಾಹೀರಾತಿಗೆ ಹೋಗಬೇಕಿತ್ತು. ಬೂಟು ತೊಡಿಸುವುದೆಂದರೆ ನೆಲದ ಪ್ರತಿಬಿಂಬ, ನೆರಳು ಎಲ್ಲ ಹೊಸತಾಗಿ ಆಗಬೇಕು. ಸಂಜೆಯೊಳಗೆ ಮಾಡಿಕೊಡ್ತೇನೆ ಎಂದೆ. ಕತ್ತಿಯವನಿಗೆ ಒಂದು ಬೂಟು ತೊಡಿಸುವಷ್ಟರಲ್ಲಿ ಆತನ ಫೋನ್ ಮತ್ತೆ ಬಂತು.

"ಮೇಡಂ, ಏನೂ ಬದಲಾಯಿಸ್ಬೇಡಿ! ನಮ್ ರೈಟರ್ ನೋಡಿ ಹುಚ್ಚಾಗ್ಬಿಟ್ರು. ಅದೊಂದು ಶಾಪ ಅಲ್ವಾ? ಅವಳ ಹೊಸ್ತಿಲು ದಾಟೋರು ಬೂಟು ಕಳಚಲೇಬೇಕು, ಕಾಲಿನ ರಕ್ಷಣೆ ಹೋಗುತ್ತೆ. ಎಂಥಾ ಕಲ್ಪನೆ ಮೇಡಂ! ಇಂಥ ಶಾಪಗಳು ಇನ್ನೂ ಇದಾವಾ ನಿಮ್ಮ ತಲೇಲಿ?"

ಇಲ್ಲಪ್ಪಾ, ಅದು ನನ್ನ ತಪ್ಪು, ನಮ್ಮಲ್ಲಿ ಎಲ್ಲರೂ ಹಾಗೆಯೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. "ಉಂಟು, ಬೇಕಾದಷ್ಟು ಉಂಟು," ಎಂದೆ. ಪುಸ್ತಕ ನನ್ನದಾಯಿತು.

ಶಾಪಗಳಿಗಾಗಿ ದೂರ ಹೋಗಬೇಕಾಗಲಿಲ್ಲ. ಮದುವೆಯಾಗಿ ಬಂದಂದಿನಿಂದ ಕೇಳಿದ್ದಕ್ಕೆಲ್ಲ ಒಂದೊಂದು ಶಿಕ್ಷೆ ಸೇರಿಸಿ ಬರೆದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು: ಗುಡಿಸಿದವನ ಶಕ್ತಿ ಅರ್ಧಕ್ಕಿಳಿಯುತ್ತದೆ. ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಬಾರದು: ಕೊಟ್ಟ ಆಯುಧ ಕೊಟ್ಟವನ ಮೇಲೆಯೇ ತಿರುಗುತ್ತದೆ. ಹೊರಡುವಾಗ 'ಹೋಗುತ್ತೇನೆ' ಎನ್ನಬಾರದು: ಎಂದರೆ ಬಾಗಿಲೇ ಮಾಯ. ನೆನಪಾಗದ್ದನ್ನು ಅತ್ತೆಯ ಹತ್ತಿರ ಕೇಳಿದೆ. ಈ ಕಾಲದಲ್ಲಿ ಇದನ್ನೆಲ್ಲ ಕೇಳುವ ಸೊಸೆ ಉಂಟಲ್ಲ ಎಂದು ಅವರಿಗೆ ಸಂತೋಷವೋ ಸಂತೋಷ. ಅಕ್ಕಿ ಆರಿಸುತ್ತಾ ಒಂದೊಂದೇ ಹೇಳುತ್ತಿದ್ದರು. "ಇದನ್ನೂ ಬರಿ," ಎನ್ನುತ್ತಿದ್ದರು. ನಾನು ಬರೆಯುತ್ತಿದ್ದೆ. ಒಳಗೊಳಗೆ ನನಗೆ ಸೇಡಿನ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಪುಸ್ತಕ ಅಚ್ಚಾಗಿ ಬಂತು. ಅತ್ತೆ ಕೈ ತೊಳೆದು ಬಂದು ಅದನ್ನು ಮಡಿಲಲ್ಲಿಟ್ಟುಕೊಂಡರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಮೇಲೆ ದೊಡ್ಡ ಅಕ್ಷರದಲ್ಲಿ ಎಂತ ಬರೆದದ್ದು?"

ಅಲ್ಲಿದ್ದದ್ದು 'ರಕ್ಕಸಿಯ ಹನ್ನೆರಡು ಶಾಪಗಳು'. "ಒಳ್ಳೆಯ ಮನೆಯ ಕ್ರಮಗಳು ಅಂತ," ಎಂದೆ.

"ಹಾಗೆ ಹೇಳು," ಎಂದು ಒಂದೊಂದೇ ಚಿತ್ರದ ಮೇಲೆ ಬೆರಳಾಡಿಸಿದರು. ಎಲ್ಲವೂ ಅವರಿಗೆ ಗುರುತು ಸಿಕ್ಕಿತು. ಕೊನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ರಕ್ಕಸಿ ನೆಲದ ಮೇಲೆ ಸತ್ತು ಬಿದ್ದಿದ್ದಳು, ಐವರು ಗೆದ್ದು ಹೊರಡುತ್ತಿದ್ದರು.

"ಇಷ್ಟು ಕ್ರಮ ಇದ್ದವಳನ್ನು ಇವರು ಕೊಂದದ್ದು ಯಾಕೆ?"

"ಆಟ ಅಲ್ವಾ ಅತ್ತೆ."

ಅವರು ಪುಟವನ್ನು ಕಣ್ಣಿನ ಹತ್ತಿರ ತಂದರು. ಆ ಹೆಣವನ್ನು ನಾನು ಬಿಡಿಸಿದ್ದು, ಅವರು ಮಧ್ಯಾಹ್ನ ಚಾಪೆಯ ಮೇಲೆ ಕೈ ಮಡಚಿ ನಿದ್ದೆ ಮಾಡಿದ್ದಾಗ ತೆಗೆದ ಫೋಟೋ ನೋಡಿ. ಇಪ್ಪತ್ತೈದು ವರ್ಷ ಬಟ್ಟೆಯ ಮಡಿಕೆ ನೋಡಿದ ಕಣ್ಣಿಗೆ ಸ್ವಂತ ಸೆರಗಿನ ಗುರುತು ಸಿಗದೆ ಇರುತ್ತದೆಯೇ?

"ಏಳುವ ಫೋಟೋ ತೆಗೆಯುವಾಗ ನನ್ನ ಹತ್ರ ಕೇಳಿದ್ದಿ," ಎಂದರು ಅತ್ತೆ. ಸ್ವರದಲ್ಲಿ ಸಿಟ್ಟಿರಲಿಲ್ಲ. "ಇದಕ್ಕೆ ಕೇಳ್ಳಿಲ್ಲ."