ಮಂಚದಕ್ಕ ಬಿಚ್ಚದ ಗಂಟು

ಬೆಳಗಿನ ಐದೂವರೆ. ಆರೈಕೆ ಮನೆಯ ಎರಡನೇ ಮಹಡಿಯ ಕೋಣೆಯಲ್ಲಿ, ಗುಂಡಿ ಒತ್ತಿದರೆ ಏರಿಳಿಯುವ ಕರೆಂಟಿನ ಮಂಚದ ಕೆಳಗಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಪಾದಗಳ ಒಡತಿ ಕಣ್ಣು ಮುಚ್ಚಿ, ವೈರನ್ನು ಬೆರಳ ತುದಿಯಲ್ಲಿ ಗೇಣು ಗೇಣಾಗಿ ತಡವುತ್ತಿದ್ದಾರೆ. ಕಿತ್ತ ಪ್ಲಗ್ಗಿಗೆ ಯಾರೂ ಮತ್ತೆ ಸಿಕ್ಕಿಸದಂತೆ ಟೇಪ್ ಸುತ್ತಿದೆ. “ಕಣ್ಣು ಮೋಸ ಮಾಡತ್ತೆ. ವೈರಿನ ಸಿಪ್ಪೆ ಸೀಳಿದ್ರೆ ಬೆರಳಿಗೆ ಮೊದಲು ಗೊತ್ತಾಗತ್ತೆ” ಎಂದು ಕೆಳಗಿನಿಂದಲೇ ಹೇಳುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ‘ಮಂಚದಕ್ಕ’. ಈ ಮಂಚದಲ್ಲಿ ಮಲಗುವ ನನ್ನ ಅಮ್ಮನಿಗೆ ಮಾತ್ರ ‘ಮಗಳೇ’. ಹೆತ್ತ ಮಗಳು ನಾನಿದ್ದೇನಲ್ಲ! ನಾನು ನೀರು ಕುಡಿ ಎಂದರೆ ಅಮ್ಮ ಮುಖ ತಿರುಗಿಸುತ್ತಾಳೆ. ಮಂಚದಕ್ಕ ಹೇಳಿದರೆ ಲೋಟ ಖಾಲಿ. “ಪೇಪರಿಗೆ ಬರೆಯೋದಾದ್ರೆ ಅವಳ ಬಗ್ಗೆ ಬರಿ” ಎಂದವಳೂ ಅಮ್ಮನೇ. ಮುಚ್ಚಿಡುವುದೇಕೆ, ಹೊಟ್ಟೆಕಿಚ್ಚಿನಿಂದಲೇ ಪೆನ್ನು ಹಿಡಿದು ಬಂದಿದ್ದೇನೆ.

ಮಂಚದಕ್ಕ ಅಪ್ಪನ ಅಂಗಡಿಯಲ್ಲಿ ಫ್ಯಾನು, ಮಿಕ್ಸಿ ಬಿಚ್ಚಿ ಕೆಲಸ ಕಲಿತವರು. ಮೊದಮೊದಲು ಆಸ್ಪತ್ರೆಗಳಲ್ಲಿ, “ಗಂಡಸರು ಯಾರೂ ಬರಲಿಲ್ವಾ?” ಎಂದು ಬಾಗಿಲಲ್ಲೇ ಕೇಳುತ್ತಿದ್ದರಂತೆ. ಈಗ ಮೂರು ಆರೈಕೆ ಮನೆಗಳ ಎಂಬತ್ತೆರಡು ಮಂಚಗಳು ಇವರ ಪಾಲಿಗೆ. ದಿನಕ್ಕೆ ನಾಲ್ಕು. ಪ್ರತಿಯೊಂದನ್ನೂ ಮೂರು ಸಲ ಪೂರ್ತಿ ಏರಿಸಿ ಇಳಿಸಿ, ಕೊನೆಗೆ ತಾವೇ ಮಲಗಿ ನೋಡುತ್ತಾರೆ. ಎಡ ಮಂಡಿ ಸವೆದಿದೆ. ಹತ್ತೊಂಬತ್ತು ವರ್ಷದಲ್ಲಿ ಇವರು ನೋಡಿದ ಮಂಚದಲ್ಲಿ ಒಬ್ಬರಿಗೂ ಶಾಕ್ ಹೊಡೆದಿಲ್ಲ.

“ಮೋಟರಿಗೆ ಹೋಗೋದು ಬರೀ ಇಪ್ಪತ್ನಾಲ್ಕು ವೋಲ್ಟ್. ಅದಕ್ಕೇ ಎಲ್ರಿಗೂ ಧೈರ್ಯ. ಆದ್ರೆ ಗೋಡೆಯಿಂದ ಮಂಚದಡಿ ಡಬ್ಬಿವರೆಗೆ ಬರೋದು ಮನೆಯ ಪೂರ್ತಿ ಕರೆಂಟೇ. ಡಬ್ಬಿ ಒಳಗೆ ಹೋದ್ಮೇಲೇ ಅದು ಸಾಧು ಆಗೋದು. ಬನ್ನಿ ಇಲ್ಲಿ, ಬಗ್ಗಿ ನೋಡಿ.”

ಬಗ್ಗಿ ನೋಡುತ್ತೇನೆ. ಗೋಡೆಯಿಂದ ಬಂದ ವೈರು, ತಲೆಭಾಗದ ಸರಳಿಗೆ ನೀಲಿ ರಿಬ್ಬನ್ನಿನಿಂದ ಬಿಗಿಯಾಗಿ ಕಟ್ಟಿದೆ. ನೆಲದಲ್ಲಿ ಬಿದ್ದಿದ್ದ ವೈರು ಯಾರ ಕಾಲಿಗೂ ತೊಡರದಿರಲೆಂದು ಹೋದ ತಿಂಗಳು ಚಂದ ಮಾಡಿ ಕಟ್ಟಿದವಳು ನಾನೇ. ತಲೆಭಾಗ ಏರಿದಾಗಲೆಲ್ಲ ವೈರು ಜಗ್ಗಿ, ಕಬ್ಬಿಣದ ಅಂಚಿಗೆ ಉಜ್ಜಿ, ಸಿಪ್ಪೆ ಹರಿದು ತಾಮ್ರ ಇಣುಕುತ್ತಿದೆ. ಆ ತಾಮ್ರ ಕಬ್ಬಿಣಕ್ಕೆ ತಾಗಿದ ದಿನ ಅಮ್ಮನ ಕೈ ಸರಳಿನ ಮೇಲಿದ್ದರೆ?

“ನಿನ್ನೆ ಸಂಜೆನೇ ನೋಡ್ದೆ. ಪ್ಲಗ್ ಕಿತ್ತೆ. ಗಂಟು ಬಿಚ್ಚೋಕೆ ಮಾತ್ರ ಅಮ್ಮ ಬಿಡಲಿಲ್ಲ. ‘ನನ್ನ ಮಗಳು ಕಟ್ಟಿದ್ದು, ಮುಟ್ಟಬೇಡ’ ಅಂದ್ಬಿಟ್ರು. ಅದಕ್ಕೇ ನಿಮಗೆ ಬೇಗ ಬನ್ನಿ ಅಂದಿದ್ದು.” ಮಂಚದಕ್ಕ ಹೊರಬಂದು ಧೂಳು ಕೊಡವಿಕೊಳ್ಳುತ್ತಾರೆ. “ನಂಗೆ ಹೊಟ್ಟೆ ಉರೀತು ಕಣ್ರೀ. ಆರು ವರ್ಷದಿಂದ ಮಗಳೇ ಮಗಳೇ ಅಂತಾರೆ. ಒಂದು ರಿಬ್ಬನ್ ಮುಂದೆ ನಾನು ಯಾರೋ ಆಗ್ಬಿಟ್ಟೆ!”

ನನಗೆ ಖುಷಿಯಾಯಿತು. ತಾಮ್ರ ಕಣ್ಣೆದುರಿಗೇ ಇರುವಾಗಲೂ ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಅಮ್ಮ ಮುಖ ಊದಿಸಿಕೊಂಡು ಕೂತಿದ್ದಾಳೆ. ತಲೆ ಏರಿಸಲಾಗದ ಮಂಚದಲ್ಲಿ, ದಿಂಬುಗಳನ್ನು ಒಟ್ಟಿಕೊಂಡು ರಾತ್ರಿ ಕಳೆದವಳು. ನಾನು ಉಗುರಿನಿಂದ ಹೆಣಗಿ, ಕೊನೆಗೆ ಹಲ್ಲು ಹಾಕಿ ಗಂಟು ಬಿಚ್ಚಿ, ರಿಬ್ಬನ್ನನ್ನು ಅಮ್ಮನ ಕೈಗಿಡುತ್ತೇನೆ. “ಪಾಪ, ಎಷ್ಟು ಗಟ್ಟಿಯಾಗಿ ಕಟ್ಟಿದ್ಲು” ಎಂದು ಅಮ್ಮ ಕಿಟಕಿಗೆ ಹೇಳುತ್ತಾಳೆ. ಮಂಚದಕ್ಕ ಹೊಸ ವೈರು ಹಾಕಿ, ಮೀಟರ್ ಇಟ್ಟು ನೋಡಿ, ಮಂಚವನ್ನು ಮೂರು ಸಲ ಏರಿಸಿ ಇಳಿಸಿ, ತಾವು ಮಲಗಿ ಎದ್ದ ಮೇಲೆ ಅಮ್ಮನನ್ನು ಮಲಗಿಸುತ್ತೇವೆ. ತಲೆಭಾಗ ಮೆಲ್ಲಗೆ ಏರುತ್ತದೆ.

“ಪೇಪರಲ್ಲಿ ನನ್ನ ಹೆಸರು ಬೇಡ. ವೈರ್ ಎಲ್ಲೂ ಬಿಗಿದು ಕಟ್ಟಬೇಡಿ ಅಂತ ದೊಡ್ಡದಾಗಿ ಹಾಕಿ. ಕಟ್ಟಿದ್ದು ಯಾರೋ ಮನೆಯವರು ಅಂತ ಬರೀರಿ, ಸಾಕು.” ಅವರ ಹೆಸರು ಹಾಕಿಲ್ಲ. ಕಟ್ಟಿದವಳು ನಾನು ಎಂಬುದನ್ನು ಮುಚ್ಚಿಟ್ಟೂ ಇಲ್ಲ.

ಅಮ್ಮ ರಿಬ್ಬನ್ ಹಿಡಿದ ಕೈ ಚಾಚುತ್ತಾಳೆ. “ಮಗಳೇ, ಇದನ್ನ ನನ್ನ ಕೈಗಾದ್ರೂ ಕಟ್ಟು.”

ಇಬ್ಬರೂ ಒಂದೇ ಸಲ ಮುಂದೆ ಬಂದೆವು. ಮಂಚದಕ್ಕ ನಿಂತು, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

“ನೀವೇ ಕಟ್ಟಿ. ಸ್ವಲ್ಪ ಸಡಿಲವಾಗಿ.”