ಸುಶೀಲಾಬಾಯಿ ಮತ್ತು ಹಾರ್ವುಡ್ ಮನೆತನದ ಕಲ್ಲು

ಲಂಡನ್ನಿನ ಇಲ್ಫರ್ಡಿನ ಸುಶೀಲಾಬಾಯಿ ಕುಲಕರ್ಣಿಯವರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಈ ದೇಶದ ಉಪ್ಪೇ ಸರಿಯಿಲ್ಲ. ಬಸ್ಸು ತಪ್ಪಿದರೆ ಡ್ರೈವರನಿಗೆ ಗಡಿಯಾರ ನೋಡಲು ಬರುವುದಿಲ್ಲ. ಗಂಡ ಶೇಷಗಿರಿರಾಯರು ಅಂಚೆ ಇಲಾಖೆಯಲ್ಲಿ ಇಪ್ಪತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದ ಸಾಧು ಮನುಷ್ಯ. ಹೆಂಡತಿಯೊಡನೆ ವಾದಿಸುವುದನ್ನು ಅವರು ಯಾವ ಕಾಲದಲ್ಲೋ ಬಿಟ್ಟಿದ್ದರು.

ಬಾಯಿಯವರ ಗತ್ತು ಸುಮ್ಮನೆ ಬಂದದ್ದೂ ಅಲ್ಲ. ಆಲ್ಡರ್ ಗ್ರೀನ್ ಎಂಬ, ಹಿಂದೊಮ್ಮೆ ಹಳ್ಳಿಯಾಗಿದ್ದು ಈಗ ಲಂಡನ್ನಿನ ಹೊಟ್ಟೆಗೆ ಸೇರಿದ ಬಡಾವಣೆಯ ಲೈಬ್ರರಿಯಲ್ಲಿ, ಮಹಡಿಯ ಮೇಲೆ ಹಳೆಯ ದಾಖಲೆಗಳದೊಂದು ಕೋಣೆಯಿತ್ತು. ಅಲ್ಲಿ ಅವರು ಕೆಲಸಕ್ಕೆ ಸೇರಿದ್ದು ಕಪಾಟಿನ ಧೂಳು ಒರೆಸಲು. ಒಂದು ದಿನ ಯಾರೋ ಪಂಡಿತರು ನಾನೂರು ವರ್ಷದ ಹಿಂದಿನ ಇಂಗ್ಲಿಷ್ ಕೈಬರಹದ ಮುಂದೆ ಕೂತು ಒದ್ದಾಡುತ್ತಿದ್ದರು. ಬಾಯಿಯವರು ಧೂಳಿನ ಬಟ್ಟೆ ಹಿಡಿದುಕೊಂಡೇ ಹಿಂದಿನಿಂದ ಬಗ್ಗಿ ಆ ಸಾಲನ್ನು ಓದಿಬಿಟ್ಟರು. ಧಾರವಾಡದಲ್ಲಿ ಅವರ ಅಜ್ಜನ ಮನೆಯ ತುಂಬ ಮೋಡಿ ಲಿಪಿಯ ದಫ್ತರಗಳಿದ್ದವು. ಲೇಖಣಿ ಎತ್ತದೆ ಸಾಲಿಗೆ ಸಾಲು ಎಳೆದುಕೊಂಡು ಹೋಗುವ ಆ ಬರಹವನ್ನು ಅಜ್ಜನ ತೊಡೆಯ ಮೇಲೆ ಕೂತು ಓದಿ ಬೆಳೆದವರಿಗೆ ಇದು ಯಾವ ಲೆಕ್ಕ? “ಬರದಾಂವ ಎಲ್ಲಿ ಉಸಿರು ತಗೊಂಡಾನ ಅನ್ನೋದು ಹುಡುಕಬೇಕು. ಅಷ್ಟು ಸಿಕ್ಕರ ಅಕ್ಷರ ತಾವಾಗೇ ಬಿಡಿಸಿಕೊಳ್ತಾವ,” ಎಂದು ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ವಿವರಿಸಿದ್ದರು. ಅಂದಿನಿಂದ ಧೂಳು ಬೇರೆಯವರ ಪಾಲಾಯಿತು.

೧೯೯೮ರ ಜೂನ್ ತಿಂಗಳ ಒಂದು ಸೋಮವಾರ ಆ ಕೋಣೆಗೆ ಡೊರೊಥಿ ಹಾರ್ವುಡ್ ಬಂದರು. ಅಮೆರಿಕದ ಮ್ಯಾಸಚೂಸೆಟ್ಸಿನವರು, ಎಪ್ಪತ್ತನಾಲ್ಕು ವಯಸ್ಸು, ನಿವೃತ್ತ ಶಾಲಾ ಶಿಕ್ಷಕಿ. ಕಾಲಿಗೆ ಬಿಳಿ ಓಟದ ಬೂಟು, ಕೈಯಲ್ಲಿ ಒಂದು ಹಳೆಯ ಹಡಗಿನ ಪ್ರಯಾಣಿಕರ ಪಟ್ಟಿಯ ನಕಲು. ೧೬೩೫ರಲ್ಲಿ ಆ ಹಡಗು ಹತ್ತಿದ್ದು ಅವರ ಮೂಲಪುರುಷ, ನೇಕಾರ ಟಾಮಸ್ ಹಾರ್ವುಡ್. ಜೊತೆಗೆ ಹೆಂಡತಿ ಆಗ್ನೆಸ್, ಹದಿನಾಲ್ಕರ ಮಗ ಜಾನ್, ಒಂಬತ್ತರ ಎಡ್ಮಂಡ್, ಮೂರು ವರ್ಷದ ಪೇಷನ್ಸ್. ಯಾವ ಊರಿನವರು ಅನ್ನುವುದೊಂದನ್ನು ಬಿಟ್ಟು ಪಟ್ಟಿಯಲ್ಲಿ ಎಲ್ಲವೂ ಇತ್ತು.

ಡೊರೊಥಿ ಬಂದದ್ದು ಆ ಊರಿಗಾಗಿಯೇ. ಹಾರ್ವುಡ್ ಮನೆತನದವರು ಜುಲೈನಲ್ಲಿ ಒಟ್ಟುಗೂಡಿ ಅಮೆರಿಕದ ತಮ್ಮೂರಿನ ಸ್ಮಶಾನದಲ್ಲಿ ಒಂದು ಕಲ್ಲು ನಿಲ್ಲಿಸುವವರಿದ್ದರು. ಅದರ ಮೇಲೆ ಬಿಟ್ಟುಬಂದ ಊರಿನ ಹೆಸರು ಕೆತ್ತಬೇಕು. ‘ನಾವು ಆಲ್ಡರ್ ಗ್ರೀನಿನವರು’ ಎಂದು ಡೊರೊಥಿಯ ತಂದೆ ಸಾಯುವವರೆಗೂ ಹೇಳುತ್ತಿದ್ದರು. ಚಿಕ್ಕಪ್ಪನ ಮಗ ವಾಲ್ಟರ್ ಮಾತ್ರ ‘ಅದು ಮುದುಕನ ಕಟ್ಟುಕತೆ, ನಾವು ಇಂಗ್ಲೆಂಡಿನ ನಾರ್ಫೋಕ್ ಸೀಮೆಯವರು’ ಎಂದು ನಾಲ್ಕು ಜನರ ಮುಂದೆ ನಕ್ಕುಬಿಟ್ಟಿದ್ದ. ಕಲ್ಲುಕುಟಿಗ ಉಳಿ ಹಿಡಿಯುವುದು ಬರುವ ಶನಿವಾರ. ಶುಕ್ರವಾರದೊಳಗೆ ಫ್ಯಾಕ್ಸ್ ಹೋಗಬೇಕು.

“ನಮ್ಮಪ್ಪ ಸುಳ್ಳು ಹೇಳುವವರಲ್ಲ,” ಎಂದರು ಡೊರೊಥಿ.

ಇಷ್ಟು ಸಾಕಾಯಿತು ಬಾಯಿಯವರಿಗೆ. ಅಪ್ಪನ ಮಾತಿಗಾಗಿ ಸಮುದ್ರ ದಾಟಿ ಬಂದವಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಇಬ್ಬರೂ ಊರಿನ ಹುಟ್ಟು-ಸಾವು ಬರೆದಿಡುತ್ತಿದ್ದ ಇಗರ್ಜಿಯ ರಿಜಿಸ್ಟರಿನ ಫಿಲ್ಮ್ ಸುರುಳಿಗಳನ್ನು ಯಂತ್ರಕ್ಕೆ ಸಿಕ್ಕಿಸಿ ಮೂರು ದಿನ ಕಣ್ಣು ಕೀಲಿಸಿ ಕೂತರು. ಮಧ್ಯಾಹ್ನಕ್ಕೆ ಬಾಯಿಯವರ ಡಬ್ಬಿಯ ಚಪಾತಿ, ಶೇಂಗಾ ಚಟ್ನಿ. ಖಾರಕ್ಕೆ ಡೊರೊಥಿಯ ಕಣ್ಣಲ್ಲಿ ನೀರು ಬಂತು, ಆದರೂ ಎರಡನೆಯ ದಿನ ಅವರೇ ಕೇಳಿ ಹಾಕಿಸಿಕೊಂಡರು.

ಬುಧವಾರ ಹೆಸರು ಸಿಕ್ಕಿತು. ನೇಕಾರ ಟಾಮಸ್ ಹಾರ್ವುಡನ ಮಗ ಜಾನ್, ೧೬೧೭ರಲ್ಲಿ ನಾಮಕರಣ. ಡೊರೊಥಿ ಕುರ್ಚಿಯಿಂದ ಎದ್ದೇಬಿಟ್ಟರು. ವಯಸ್ಸು ನಾಲ್ಕು ವರ್ಷ ಹೆಚ್ಚಾಗುತ್ತಿತ್ತು, ಆದರೆ ಆ ಕಾಲದವರು ವಯಸ್ಸನ್ನು ಅಂದಾಜಿಗೆ ಹೇಳುತ್ತಿದ್ದರು ಎಂದು ಬಾಯಿ ಸಮಾಧಾನ ಹೇಳಿದರು. ಹೇಳಿ ಸುರುಳಿ ತಿರುಗಿಸಿದರೆ, ೧೬೧೯ರಲ್ಲಿ ಹೂಳಿದವರ ಪಟ್ಟಿಯಲ್ಲಿ ಅದೇ ಹೆಸರು. ನೇಕಾರ ಟಾಮಸನ ಮಗ ಜಾನ್, ಎರಡು ವರ್ಷದ ಕೂಸು, ಮಣ್ಣಾಗಿತ್ತು.

“ಸತ್ತ ಮಗು ಹಡಗು ಹತ್ತುವುದಿಲ್ಲ. ಇದು ಬೇರೆ ಮನೆತನ, ನಿಮ್ಮದಲ್ಲ,” ಎಂದು ಬಾಯಿ ತೀರ್ಪು ಕೊಟ್ಟರು. ಇನ್ನೂ ಹತ್ತು ಪುಟ ತಿರುಗಿಸಿ ನೋಡೋಣ ಎಂದು ಅವರಿಗೆ ಅನಿಸಲೇ ಇಲ್ಲ. ಡೊರೊಥಿ ಹಡಗಿನ ಪಟ್ಟಿಯನ್ನು ಮಡಚಿಟ್ಟು, “ಹಾಗಾದರೆ ವಾಲ್ಟರನೇ ಗೆದ್ದ,” ಎಂದು ನಗಲು ನೋಡಿದರು. ಆ ನಗೆ ಬಾಯಿಯವರ ಎದೆಯಲ್ಲಿ ಕೂತುಬಿಟ್ಟಿತು.

ಗುರುವಾರ ಸಂಜೆ ಪಕ್ಕದ ಮನೆಯ ರೋಜಿ ಬಂದಳು. ಉಡುಪಿ ಕಡೆಯ ಕ್ಯಾಥಲಿಕ್ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್, ಬಾಯಿಯವರಿಗೆ ಎದುರಾಡುವ ಧೈರ್ಯವಿದ್ದ ಒಬ್ಬಳೇ ಗೆಳತಿ.

“ಎಂತ ಬಾಯಿ, ಮುಖ ಹೀಗೆ ಮಾಡಿ ಕೂತಿದ್ದೀರಿ?”

ಬಾಯಿ ಕತೆಯೆಲ್ಲ ಹೇಳಿದರು.

“ಆ ಮಗು ಸತ್ತ ಮೇಲೆ ಮತ್ತೊಂದು ಗಂಡು ಹುಟ್ಟಲಿಲ್ವಾ? ಅದಕ್ಕೆ ಎಂತ ಹೆಸರಿಟ್ಟರು?”

“ಏನರ ಇಟ್ಟಿರಬೇಕು. ಜಾನ್ ಅಂತೂ ಇಟ್ಟಿರೂದಿಲ್ಲ. ಸತ್ತ ಕೂಸಿನ ಹೆಸರು ಮತ್ತ ಯಾರರ ಇಡ್ತಾರೇನ? ನಮ್ಮ ಮನ್ಯಾಗ ಅಂಥಾ ಹೆಸರು ಬಾಯಾಗ ಸೈತ ತರೂದಿಲ್ಲ.”

“ನಿಮ್ಮಲ್ಲಿ ಇಡುದಿಲ್ಲ. ನಮ್ಮಲ್ಲಿ ಇಟ್ಟಿದ್ದಾರಲ್ಲ,” ಎಂದಳು ರೋಜಿ. “ನನ್ನ ಅಣ್ಣ ಸ್ಟ್ಯಾನಿಸ್ಲಾಸ್ ಇದ್ದಾನಲ್ಲ, ಅವ ಎರಡನೆಯವ. ಮೊದಲಿನ ಸ್ಟ್ಯಾನಿಸ್ಲಾಸ್ ಆರು ತಿಂಗಳಿಗೆ ಹೋಯಿತು. ಅದು ಅಜ್ಜನ ಹೆಸರು, ಮನೆಯಲ್ಲಿ ಉಳೀಬೇಕು ಅಂತ ಅಮ್ಮ ಹಟ ಹಿಡಿದು ಇವನಿಗೂ ಅದನ್ನೇ ಇಡಿಸಿದಳು. ನೀವು ಧಾರವಾಡದ ಕಣ್ಣಲ್ಲಿ ಇಂಗ್ಲೆಂಡಿನ ರಿಜಿಸ್ಟರು ಓದಿದ್ದೀರಿ ಮಾರಾಯ್ತಿ.”

ಬಾಯಿಯವರ ಕೈಯಲ್ಲಿದ್ದ ಚಹಾ ಆರಿತು. ಅಂದು ಅವರು ಊಟಕ್ಕೆ ಕೂತರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಶೇಷಗಿರಿರಾಯರಿಗೆ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಲೇ ಎಂದು ಕೇಳಿದರು.

ಶುಕ್ರವಾರ ಲೈಬ್ರರಿಯ ಬಾಗಿಲು ತೆರೆಯುವ ಮೊದಲೇ ಬಾಯಿ ಮೆಟ್ಟಿಲ ಮೇಲಿದ್ದರು. ಕೋಟು ಕೂಡ ಬಿಚ್ಚದೆ ಸುರುಳಿ ಸಿಕ್ಕಿಸಿ ತಿರುಗಿಸಿದರು. ೧೬೨೧, ಮಾರ್ಚ್: ನೇಕಾರ ಟಾಮಸ್ ಹಾರ್ವುಡನ ಮಗ ಜಾನ್. ಐದು ವರ್ಷ ಮುಂದೆ ಎಡ್ಮಂಡ್. ಆಮೇಲೆ ೧೬೩೨ರಲ್ಲಿ ಪೇಷನ್ಸ್. ಹಡಗಿನ ಪಟ್ಟಿಯ ಮೂವರೂ ವಯಸ್ಸಿನ ಸಮೇತ ಅಲ್ಲಿದ್ದರು. ೧೬೩೫ರ ನಂತರ ಆ ಮನೆತನದ ಹೆಸರು ಒಂದು ಪುಟದಲ್ಲೂ ಇರಲಿಲ್ಲ.

ಹೋಟೆಲಿಗೆ ಫೋನ್ ಮಾಡಿದರೆ, ಅಮೆರಿಕದ ಅಮ್ಮ ರೂಮು ಖಾಲಿ ಮಾಡಿದ್ದಾರೆ, ವಿಮಾನದ ಮೊದಲು ಒಮ್ಮೆ ಆಲ್ಡರ್ ಗ್ರೀನಿನ ಇಗರ್ಜಿ ನೋಡಿ ಬರುತ್ತೇನೆಂದು ಹೊರಟರು ಎಂದರು. ಬಾಯಿ ಪುಟಗಳ ನಕಲು ತೆಗೆದುಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಹೈಸ್ಟ್ರೀಟಿನ ಆ ತುದಿಯವರೆಗೆ ಓಡಿದರು. ಐವತ್ತೆಂಟನೆಯ ವಯಸ್ಸಿನಲ್ಲಿ ಅದನ್ನು ಓಟ ಅನ್ನಬಹುದಾದರೆ.

ಡೊರೊಥಿ ಇಗರ್ಜಿಯ ಅಂಗಳದ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಬಾಯಿ ಏದುಸಿರು ಬಿಡುತ್ತ ನಕಲುಗಳನ್ನು ಅವರ ಮಡಿಲಿಗೆ ಹಾಕಿದರು.

“ನಿಮ್ಮ ತಂದೆ ಹೇಳಿದ್ದು ಖರೇ. ತಪ್ಪು ನನ್ನದು,” ಎಂದರು. ‘ಖರೇ’ ಎಂಬುದು ಇಂಗ್ಲಿಷಿನ ನಡುವೆ ಹೇಗೆ ನುಸುಳಿತೋ. ಡೊರೊಥಿಗೆ ಮಾತ್ರ ಅರ್ಥವಾಯಿತು. ಅವರು ಓದಿದರು, ಮತ್ತೆ ಓದಿದರು, ಆಮೇಲೆ ಬಾಯಿಯವರನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತರು.

“ಆದರೆ ಸುಸೀ, ನಾನು ನಿನ್ನೆಯೇ ವಾಲ್ಟರನಿಗೆ ಫ್ಯಾಕ್ಸ್ ಕಳಿಸಿಬಿಟ್ಟೆ. ನಾರ್ಫೋಕ್ ಅಂತಲೇ ಕೆತ್ತಿಸು ಅಂದೆ. ಈಗ ನಾನು ಮಾತು ಬದಲಿಸಿದರೆ ಅವನು ನಂಬುತ್ತಾನೆಯೇ?”

“ನೀವು ಬರೆಯುವುದು ಬೇಡ. ಕೆಡಿಸಿದವಳು ನಾನು, ನಾನೇ ಬರೆಯುತ್ತೇನೆ,” ಎಂದರು ಬಾಯಿ.

ಡೊರೊಥಿ ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಅಲ್ಲಲ್ಲಿ ವಾಲಿದ ಕಲ್ಲುಗಳು, ಹೆಸರೆಲ್ಲ ಸವೆದುಹೋಗಿದ್ದವು. “ಹಾಗಾದರೆ ಆ ಚಿಕ್ಕವನು ಇಲ್ಲೇ ಎಲ್ಲೋ ಇದ್ದಾನೆ, ಅಲ್ಲವೆ?” ಎಂದರು.

ಬಾಯಿ ಆ ಕಲ್ಲುಗಳತ್ತ ತಿರುಗಿದರು. ಎರಡು ದಿನದಿಂದ ಆ ಕೂಸು ಅವರಿಗೆ ದಾರಿಗೆ ಅಡ್ಡ ಬಂದ ಒಂದು ಸಾಲಾಗಿತ್ತು, ಅಷ್ಟೇ. ಹೊಸ ದೇಶಕ್ಕೆ ಹೊರಟ ಆ ಆಗ್ನೆಸ್ ಮಗ್ಗ, ಮನೆ, ನೆರೆಹೊರೆಯ ಜೊತೆಗೆ ಇವನನ್ನೂ ಇಲ್ಲಿ ಬಿಟ್ಟು ಹೋಗಿದ್ದಳು. ಹೊರಡುವ ಮುಂಜಾನೆ ಇಲ್ಲಿಗೆ ಬಂದು ನಿಂತಿರದೆ ಇದ್ದಾಳೆಯೇ?

ಲೈಬ್ರರಿಗೆ ಮರಳಿ ಅವರು ಫ್ಯಾಕ್ಸ್ ಬರೆದರು. ರಿಜಿಸ್ಟರಿನ ಸಾಲುಗಳನ್ನು ತಾರೀಖಿನ ಸಮೇತ ಇಳಿಸಿ, ಕೆಳಗೆ ಸೇರಿಸಿದರು: ‘ಸತ್ತ ಮಗುವಿನ ಹೆಸರನ್ನು ನಮ್ಮ ಮನೆಯಲ್ಲಿ ಮತ್ತೆ ಇಡುವುದಿಲ್ಲ. ಹಾಗಾಗಿ ನಿಮ್ಮವರೂ ಇಟ್ಟಿರಲಾರರು ಎಂದುಕೊಂಡೆ. ತಪ್ಪು ನನ್ನದು, ಮಿಸ್ ಹಾರ್ವುಡ್ ಅವರದಲ್ಲ, ಅವರ ತಂದೆಯವರದಂತೂ ಅಲ್ಲವೇ ಅಲ್ಲ.’ ಸಹಿ ಹಾಕಿ, ಅದನ್ನು ಯಂತ್ರ ನುಂಗುವುದನ್ನು ನಿಂತು ನೋಡಿದರು.

ಶನಿವಾರ, ಸೋಮವಾರ, ಮಂಗಳವಾರ ಏನೂ ಬರಲಿಲ್ಲ. ಕಲ್ಲು ಕೆತ್ತಿ ಮುಗಿಯಿತೇನೋ ಎಂದು ಬಾಯಿ ಗಂಡನ ಮೇಲೆ ರೇಗಿದರು. ಬುಧವಾರ ವಾಲ್ಟರನಿಂದ ಒಂದು ಹಾಳೆಯ ಉತ್ತರ ಬಂತು:

‘ಕುಟಿಗನನ್ನು ತಡೆದು ನಿಲ್ಲಿಸಿದ್ದೇವೆ. ಆಲ್ಡರ್ ಗ್ರೀನ್ ಎಂದೇ ಕೆತ್ತಿಸುತ್ತೇವೆ. ಡೊರೊಥಿಯ ತಂದೆಯ ವಿಷಯದಲ್ಲಿ ನಾನು ಆಡಿದ ಮಾತಿಗೆ ಎಲ್ಲರ ಮುಂದೆ ಕ್ಷಮೆ ಕೇಳುವವನಿದ್ದೇನೆ. ಮೇಡಮ್, ಒಂದು ವಿಚಾರ. ಹಡಗು ಹತ್ತಿದ ಐವರ ಹೆಸರು ಕಲ್ಲಿನ ಮೇಲೆ ಬರುತ್ತದೆ. ಅವರ ಜೊತೆ ಬರಲಾಗದವನ ಹೆಸರನ್ನೂ ಬರೆಸಬೇಕೆಂದು ಡೊರೊಥಿ ಹಟ ಹಿಡಿದಿದ್ದಾಳೆ. ನಿಮ್ಮ ಮನೆಯಲ್ಲಿ ಅಂಥ ಹೆಸರು ಎತ್ತುವುದಿಲ್ಲವೆಂದು ಬರೆದಿದ್ದೀರಿ. ಬರೆಸಬಹುದೇ?’

ಬಾಯಿ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನು ತೆಗೆದು ಅದರ ಕೆಳಗೇ ಉತ್ತರ ಬರೆದರು: ‘ಬರೆಸಿರಿ. ಅವನ ಹೆಸರು ಮೊದಲು ಬರಲಿ, ಅವನೇ ಹಿರಿಯ ಮಗ.’